ಸೋಡಾ ಭಟ್ಟಿ: ಹಣ ಹಾಕುವ ಮುನ್ನ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಸಂಘ ನಡೆಸಿದವರಿಗೆ ಉಪದೇಶ ಮಾಡುವಷ್ಟು ದೊಡ್ಡವನು ನಾನಲ್ಲ. ಮೀಸಲು ನಿಧಿಯಿಂದ ಸೋಡಾ ಭಟ್ಟಿ ಹಾಕಿಸುವ ಮಾತು ನಡೆದಿದೆ ಎಂದು ಕಾರ್ಯದರ್ಶಿಗಳು ತಿಳಿಸಿದರು. ಆ ವಿಷಯದಲ್ಲಿ ಕೈ ಸುಟ್ಟುಕೊಂಡವನಾಗಿ ನಾಲ್ಕು ಮಾತು ಹೇಳಿ ಕೂತುಬಿಡ್ತೇನೆ.

ಹಳೆಯ ಒಳಚರಂಡಿಯ ಕಂದು ಹೊಳಪಿನ ಕೊಳವೆ ನೋಡಿದ್ದೀರಲ್ಲ, ಅದಕ್ಕೆ ಮೆರುಗು ಬಳಿದದ್ದಲ್ಲ. ಕಾದ ಭಟ್ಟಿಗೆ ಉಪ್ಪು ಹಾಕಿ ಬರಿಸಿದ್ದು. ಜರ್ಮನಿಯ ರೈನ್ ನದಿ ಸೀಮೆಯ ಕುಂಬಾರರು ಐದುನೂರು ವರ್ಷಗಳ ಹಿಂದೆಯೇ ಹೀಗೆ ಜಾಡಿ ಸುಡುತ್ತಿದ್ದರು. ಉಪ್ಪಿನಿಂದ ಆಮ್ಲದ ಹೊಗೆ ಏಳುತ್ತದೆಂದು 1970ರ ದಶಕದಲ್ಲಿ ಅಮೆರಿಕದ ಕೆಲವರು ಸೋಡಾ ಹಿಡಿದರು. ಸುಮಾರು 1250 ಡಿಗ್ರಿ ಶಾಖದಲ್ಲಿ ಸೋಡಾ ಕರಗಿಸಿದ ನೀರನ್ನು ಒಳಕ್ಕೆ ಸಿಂಪಡಿಸಿದರೆ, ಅದರ ಆವಿ ಮಣ್ಣಿನ ಸಿಲಿಕಾದೊಡನೆ ಕೂಡಿ ಗಾಜಾಗುತ್ತದೆ. ಉರಿ ತಾಗಿದ ಮಗ್ಗುಲು ಮಿರಿಮಿರಿ ಮಿಂಚುತ್ತದೆ, ಮರೆಯ ಮಗ್ಗುಲು ಮಾಸಲು. ಆವಿ ಜಾಡಿಯ ಒಳಗೆ ಸರಿಯಾಗಿ ಹೋಗುವುದಿಲ್ಲ. ಉಪ್ಪಿನಕಾಯಿ ಜಾಡಿಗೆ ಒಳಮೆರುಗು ಮೊದಲೇ ಹೊಯ್ಯಬೇಕು.

ತೊಡಕೇನೆಂದರೆ, ಮಡಕೆ ಯಾವುದು ಗೋಡೆ ಯಾವುದು ಅಂತ ಸೋಡಾಗೆ ಗೊತ್ತಾಗೋದಿಲ್ಲ. ನಾನು ಮೊದಲ ಭಟ್ಟಿಯನ್ನು ಸೌದೆ ಉಳಿಯಲೆಂದು ಶಾಖ ತಡೆಯುವ ಹಗುರ ಇಟ್ಟಿಗೆಯಲ್ಲಿ ಕಟ್ಟಿದೆ. ಹತ್ತು ಸಲ ಸುಡುವಷ್ಟರಲ್ಲಿ ಕಮಾನು ಕರಗಿ ಜಾಡಿಗಳ ಮೇಲೆ ತೊಟ್ಟಿಕ್ಕಿತು. "ಆ ದುಡ್ಡಲ್ಲಿ ಎರಡು ಎಮ್ಮೆ ಕಟ್ಟಬಹುದಿತ್ತು" ಎಂದು ಮನೆಯಾಕೆ ಇವತ್ತಿಗೂ ಅಂತಾಳೆ. ಒಳಮೈಗೆ ಅಲ್ಯುಮಿನಾ ಹೆಚ್ಚಿರುವ ಗಟ್ಟಿ ಬೆಂಕಿ ಇಟ್ಟಿಗೆಯೇ ಆಗಬೇಕು. ಹಗುರದ್ದೇನಿದ್ದರೂ ಅದರ ಹಿಂದೆ. ಜಾಡಿಗಳ ತಳಕ್ಕೆ ಅಲ್ಯುಮಿನಾ ಮತ್ತು ಚೀನಾ ಮಣ್ಣು ಸಮಸಮ ಕಲಸಿದ ಗೋಲಿ ಇಡಬೇಕು, ಇಲ್ಲದಿದ್ದರೆ ಹಲಗೆಗೆ ಕಚ್ಚಿಕೊಳ್ಳುತ್ತವೆ.

ಸಿದ್ಧ ವಿದ್ಯುತ್ ಭಟ್ಟಿ ಕೊಳ್ಳೋಣ ಎಂದು ಯುವಕರೊಬ್ಬರು ಕೇಳಿದರು. ಕೊಳ್ಳಿ, ಆದರೆ ಅದಕ್ಕೆ ಸೋಡಾ ತೋರಿಸಬೇಡಿ, ತಂತಿಸುರುಳಿಗಳನ್ನು ತಿಂದುಹಾಕುತ್ತದೆ. ಈಗಿರುವ ಭಟ್ಟಿಗೂ "ಒಂದು ಸಲ ನೋಡೋಣ" ಎಂದು ಹಾಕಬೇಡಿ. ಗೋಡೆಗೆ ಹತ್ತಿದ ಸೋಡಾ ಮುಂದಿನ ಸುಡುವಿಕೆಯಲ್ಲೂ ಏಳುತ್ತದೆ.

ಇಟ್ಟಿಗೆಗಿಂತ ದೊಡ್ಡ ಪ್ರಶ್ನೆ ಮಣ್ಣಿನದು. ನಮ್ಮ ಕೆರೆಮಣ್ಣು ಒಂಬೈನೂರು ಡಿಗ್ರಿಗೆ ಚೆನ್ನಾಗಿ ನಿಲ್ಲುತ್ತದೆ. 1250ಕ್ಕೆ ಒಯ್ದರೆ ಕಬ್ಬಿಣದಂಶದ ಇಂಥ ಮಣ್ಣು ಉಬ್ಬಿ ಕುಸಿಯುತ್ತದೆ. ಬೆಂಕಿಮಣ್ಣನ್ನು ಹೊರಗಿನಿಂದ ತರಿಸಬೇಕಾದೀತು. ಆಗ ಪ್ರತಿ ಲೋಡಿಗೂ ಬಾಡಿಗೆ. ಆ ಲೆಕ್ಕ ಅಂದಾಜುಪಟ್ಟಿಯಲ್ಲಿ ನನಗೆ ಕಾಣಲಿಲ್ಲ.

ನಿಧಿ ನಿಮ್ಮೆಲ್ಲರ ದುಡ್ಡು. ಮೊದಲು ಕೆರೆಮಣ್ಣು ಒಂದು, ಬೆಂಕಿಮಣ್ಣು ಬೆರೆಸಿದ್ದು ಎರಡು ಬಗೆ, ಹೀಗೆ ಮೂರು ತರಹದ ಉಂಗುರ ಮಾಡಿ, ಬೇರೆಯವರ ಹೆಚ್ಚು ಶಾಖದ ಭಟ್ಟಿಯಲ್ಲಿ ಸುಡಿಸೋಣ. ಖಾನಾಪುರದ ಗ್ರಾಮ ಕುಂಬಾರಿಕೆ ಸಂಸ್ಥೆಯಲ್ಲೂ ವಿಚಾರಿಸೋಣ. ಉಂಗುರ ಕುಸಿಯದೆ ನಿಂತ ಮೇಲೆ ಇಟ್ಟಿಗೆಯ ದರಪಟ್ಟಿ ತರಿಸಿ. ನಾಡಿದ್ದು ನಾನು ಹೊರಡುವ ಮೊದಲು ಯಾರಾದರೂ ಒಂದು ಬುಟ್ಟಿ ಮಣ್ಣು ಸೋಸಿ ಕೊಟ್ಟರೆ, ಉಂಗುರ ನಾನೇ ಮಾಡಿಕೊಳ್ತೇನೆ.