ಎರಡು ಗೆಲುವುಗಳ ನಡುವಿನ ಹತ್ತು ವರ್ಷ



ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ವಿಜೇತರ ಪಟ್ಟಿಯಲ್ಲಿ ಇಟಲಿಯ ಜಿನೊ ಬಾರ್ತಾಲಿ ಅವರ ಹೆಸರು ಎರಡು ಕಡೆ ಸಿಗುತ್ತದೆ. ಮೊದಲು 1938ರಲ್ಲಿ, ಮತ್ತೆ 1948ರಲ್ಲಿ. ಎರಡು ಗೆಲುವುಗಳ ನಡುವೆ ಇಷ್ಟು ದೀರ್ಘ ಅಂತರವಿರುವ ಸವಾರ ಆ ಪಟ್ಟಿಯಲ್ಲಿ ಬೇರೊಬ್ಬರಿಲ್ಲ. ಆ ಹತ್ತು ವರ್ಷ ಎಲ್ಲಿ ಹೋದವು?

ಬಾರ್ತಾಲಿ ಹುಟ್ಟಿದ್ದು 1914ರಲ್ಲಿ, ಫ್ಲಾರೆನ್ಸ್ ನಗರದ ಪಕ್ಕದ ಹಳ್ಳಿಯ ಬಡ ಕುಟುಂಬದಲ್ಲಿ. ಹುಡುಗನಾಗಿದ್ದಾಗ ಸೈಕಲ್ ರಿಪೇರಿ ಅಂಗಡಿಯಲ್ಲಿ ದುಡಿದರು. 1936 ಮತ್ತು 1937ರಲ್ಲಿ ಇಟಲಿಯ ದೊಡ್ಡ ಸ್ಪರ್ಧೆ ಜಿರೋ ಡಿ ಇಟಾಲಿಯಾ ಗೆದ್ದರು. ಆದರೆ 1936ರಲ್ಲೇ ಅವರ ತಮ್ಮ ಜುಲಿಯೊ ಸ್ಪರ್ಧೆಯೊಂದರಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡ. ಸೈಕಲ್ಲನ್ನೇ ಬಿಡುವ ಯೋಚನೆ ಮಾಡಿದ್ದ ಅಣ್ಣ ಎರಡು ವರ್ಷಗಳಲ್ಲಿ ಫ್ರಾನ್ಸನ್ನೂ ಗೆದ್ದು ಬಂದರು.

ಸೈಕಲ್ ಸವಾರನ ಮೈಯಲ್ಲಿ ಕಸುವು ತುಂಬಿರುವುದು ಸುಮಾರು 25ರಿಂದ 32ರ ವಯಸ್ಸಿನಲ್ಲಿ. ಬಾರ್ತಾಲಿ ಅವರ ಪಾಲಿಗೆ ಆ ವರ್ಷಗಳನ್ನು ಯುದ್ಧ ನುಂಗಿತು. ಜಿರೋ 1941ರಿಂದ 1945ರವರೆಗೆ, ಟೂರ್ 1940ರಿಂದ 1946ರವರೆಗೆ ನಡೆಯಲೇ ಇಲ್ಲ.

ಸ್ಪರ್ಧೆ ನಿಂತರೂ ಸೈಕಲ್ ನಿಲ್ಲಲಿಲ್ಲ. 1943ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿಕೊಂಡಿತು. ಯಹೂದಿಗಳ ಬೇಟೆ ಶುರುವಾಯಿತು. ಅವರನ್ನು ಉಳಿಸಲು ಫ್ಲಾರೆನ್ಸ್‌ನ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರ ನೆರವಿನಲ್ಲಿ ಗುಪ್ತ ಜಾಲವೊಂದು ಕೆಲಸ ಮಾಡುತ್ತಿತ್ತು. ಸುಳ್ಳು ಹೆಸರಿನ ಗುರುತುಪತ್ರಗಳು ಅಸ್ಸಿಸಿಯಲ್ಲಿ ಅಚ್ಚಾಗಬೇಕಿತ್ತು. ಆದರೆ ಅವನ್ನು ಸಾಗಿಸುವವರು ಯಾರು?

ಅಭ್ಯಾಸಕ್ಕೆಂದು ದಿನವಿಡೀ ಸೈಕಲ್ ತುಳಿಯುವ ಚಾಂಪಿಯನ್‌ನನ್ನು ಯಾರು ತಾನೇ ಅನುಮಾನಿಸುತ್ತಾರೆ! ಬಾರ್ತಾಲಿ ತಮ್ಮ ಹೆಸರು ಬರೆದ ಅಂಗಿ ತೊಟ್ಟು ಹೊರಡುತ್ತಿದ್ದರು. ಸೈಕಲ್ ಫ್ರೇಮಿನ ಟೊಳ್ಳು ಕೊಳವೆಯೊಳಗೆ ಹೋಗುವಾಗ ಭಾವಚಿತ್ರಗಳು, ಬರುವಾಗ ಸಿದ್ಧವಾದ ಪತ್ರಗಳು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ. 1944ರಲ್ಲಿ ಫ್ಯಾಸಿಸ್ಟ್ ಪೊಲೀಸರು ಅವರನ್ನು ಕರೆದೊಯ್ದು ವಿಚಾರಣೆಗೆ ಒಳಪಡಿಸಿದ್ದೂ ಉಂಟು. ಯಹೂದಿ ಕುಟುಂಬವೊಂದನ್ನು ಅವರು ಬಚ್ಚಿಟ್ಟು ಕಾಪಾಡಿದರು.

ಯುದ್ಧ ಮುಗಿದಾಗ ವಯಸ್ಸು 30 ದಾಟಿತ್ತು. ಐದು ವರ್ಷ ಕಿರಿಯರಾದ ಫೌಸ್ತೊ ಕೊಪ್ಪಿ ಎದುರಾಳಿಯಾಗಿ ಬೆಳೆದು ನಿಂತಿದ್ದರು. ಆದರೂ 1946ರ ಜಿರೋದಲ್ಲಿ ಬಾರ್ತಾಲಿ ಕೊಪ್ಪಿಯನ್ನು 47 ಸೆಕೆಂಡುಗಳಿಂದ ಹಿಂದಿಕ್ಕಿದರು.

1948ರ ಟೂರ್‌ನಲ್ಲಿ 23ರ ತರುಣ ಲೂಯಿಸೊಂ ಬೊಬೆಗಿಂತ ಅವರು 21 ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಮುದುಕನ ಕಥೆ ಮುಗಿಯಿತೆಂದೇ ಪತ್ರಿಕೆಗಳ ತೀರ್ಮಾನ. ಜುಲೈ 14ರಂದು ರೋಮ್‌ನಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ ಅವರ ಮೇಲೆ ಗುಂಡು ಹಾರಿತು. ದೇಶ ದಂಗೆಯ ಅಂಚಿಗೆ ಬಂತು. ಮರುದಿನ ಆಲ್ಪ್ಸ್ ಪರ್ವತದ ಹಂತವನ್ನು ಬಾರ್ತಾಲಿ ಗೆದ್ದರು. ಅದರ ಮುಂದಿನ ಎರಡು ಹಂತಗಳೂ ಅವರವೇ. ಪಂದ್ಯದ ನಡುವೆಯೇ 34 ತುಂಬಿತು. ಪ್ಯಾರಿಸ್ ತಲುಪಿದಾಗ ಎರಡನೆಯವರಿಗಿಂತ 26 ನಿಮಿಷ ಮುಂದಿದ್ದರು. ಈ ಗೆಲುವೊಂದೇ ಇಟಲಿಯನ್ನು ಅಂತರ್ಯುದ್ಧದಿಂದ ಉಳಿಸಿತೆನ್ನುವುದು ಉತ್ಪ್ರೇಕ್ಷೆ. ಗಾಯಗೊಂಡ ನಾಯಕರೇ ಶಾಂತಿಗೆ ಕರೆ ಕೊಟ್ಟಿದ್ದರು. ಆದರೆ ಕಂಗೆಟ್ಟ ಜನಕ್ಕೆ ಒಟ್ಟಿಗೆ ಸಂತೋಷಪಡಲು ಒಂದು ನೆಪ ಸಿಕ್ಕಿದ್ದು ನಿಜ.

1954ರಲ್ಲಿ ಬಾರ್ತಾಲಿ ನಿವೃತ್ತರಾದರು. ಸ್ಪರ್ಧೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಅವರು ಯುದ್ಧಕಾಲದ ಸವಾರಿಗಳ ಬಗ್ಗೆ ಬಹಿರಂಗವಾಗಿ ಹೇಳಿಕೊಂಡದ್ದು ಅತಿ ಕಡಿಮೆ. 2000ದಲ್ಲಿ ತೀರಿಕೊಂಡರು. ಯಹೂದಿಗಳನ್ನು ಕಾಪಾಡಿದವರಿಗೆ ಸಲ್ಲುವ ಗೌರವವನ್ನು ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಅವರಿಗೆ ನೀಡಿದ್ದು 2013ರಲ್ಲಿ. ಅವರು ಒಯ್ದ ಪತ್ರಗಳೆಷ್ಟು, ಉಳಿದ ಜೀವಗಳೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಲೆಕ್ಕ ಬರೆದಿಡುವಂಥ ಕೆಲಸ ಅದಾಗಿರಲಿಲ್ಲವಷ್ಟೆ.

ಸ್ಪರ್ಧೆಯ ದಾಖಲೆಗಳಲ್ಲಿ ಆ ವರ್ಷಗಳ ಎದುರು ಏನೂ ಇಲ್ಲ. ಬಾರ್ತಾಲಿ ಅತ್ಯಂತ ಕಷ್ಟದ ದಾರಿ ತುಳಿದದ್ದು ಮಾತ್ರ ಆ ವರ್ಷಗಳಲ್ಲೇ.