ಓದಿನ ಮೇಜೂ ಪೂಜಾಪೀಠವೂ

(ಶತಮಾನೋತ್ಸವದ ಅಂಗವಾಗಿ ನಡೆದ ಯುವಜನ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಪ್ರವಚನ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಪುಣ್ಯಕಾಲದಲ್ಲಿ ಅದನ್ನು ಕಟ್ಟಿದವರನ್ನು ನೆನೆದೆವು; ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ನೆನೆದೆವು. ಇಂದು, ವಿದ್ಯೆಗಾಗಿ ಊರು ಬಿಟ್ಟು ಹೋದ ಮಕ್ಕಳನ್ನು ನೆನೆಯಬೇಕೆಂಬುದು ನಮ್ಮ ಅಪೇಕ್ಷೆ. ಜಾಂಬೋಟಿಯಿಂದ ಕೆಲವರು ಖಾನಾಪುರಕ್ಕೆ, ಕೆಲವರು ಬೆಳಗಾವಿಗೆ, ಇನ್ನು ಕೆಲವರು ಕಣಕುಂಬಿಯನ್ನು ದಾಟಿ ಚೋರ್ಲಾ ಘಟ್ಟವಿಳಿದು ಗೋವೆಗೆ ಹೋಗುತ್ತಾರೆ. ಆ ಘಟ್ಟದ ಕೆಳಗಿನ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಓದಿದ ಒಬ್ಬ ವಿದ್ಯಾರ್ಥಿಯ ಜೀವನವನ್ನು ನಿಮ್ಮ ಮುಂದಿಡುತ್ತೇವೆ. ಅವರೇ ಪೂಜ್ಯ ಆಗ್ನೆಲೊ ಡಿಸೋಜ ಸ್ವಾಮಿಗಳು.

1869ರ ಜನವರಿ 21ರಂದು, ಸಂತ ಆಗ್ನೆಸಳ ಹಬ್ಬದ ದಿನ, ಬಾರ್ದೇಶದ ಅಂಜುಣೆಯಲ್ಲಿ ಅವರ ಜನನವಾಯಿತು. ಎಳೆಯ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡರು. ಮನೆಯ ಆಸರೆ ತಪ್ಪಿದ ಆ ಬಾಲಕನು ಮುಂದೆ ಗುರುದೀಕ್ಷೆಯ ಹಂಬಲದಿಂದ ಸಾಷ್ಟಿಯ ರಾಶೋಲ್ ಗುರುಮಠವನ್ನು ಸೇರಿದನು.

ಜುವಾರಿ ನದಿಯ ಬಳಿಯ ಗುಡ್ಡದ ಮೇಲಿರುವ ಆ ವಿದ್ಯಾಸ್ಥಾನವು ಸಾಮಾನ್ಯವಾದುದಲ್ಲ. 1616ರಲ್ಲಿ ಫಾದರ್ ಥಾಮಸ್ ಸ್ಟೀಫನ್ಸರ 'ಕ್ರಿಸ್ತಪುರಾಣ'ವು ಅಚ್ಚಾದುದು ರಾಶೋಲಿನಲ್ಲಿಯೇ. ಅಂದಿನ ಗುರುಮಠಗಳ ದಿನಚರಿಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದೂ ಕಷ್ಟ. ನಸುಕಿನಲ್ಲಿ ಗಂಟೆ, ಗಂಟೆಯ ಹಿಂದೆಯೇ ಧ್ಯಾನ, ಬಲಿಪೂಜೆ. ಬಳಿಕ ಲತೀನ್, ತತ್ತ್ವಶಾಸ್ತ್ರ, ದೈವಶಾಸ್ತ್ರಗಳ ಪಾಠ. ಊಟದ ವೇಳೆಯಲ್ಲಿ ಮೌನ, ಸಂಜೆ ಜಪಸರ, ಮಲಗುವ ಮುನ್ನ ಆತ್ಮಪರೀಕ್ಷೆ. ಓದಿನ ಮೇಜಿಗೂ ಪೂಜಾಪೀಠಕ್ಕೂ ನಡುವೆ ಗೋಡೆಯಿರಲಿಲ್ಲ. ಓದು ಬೇಸರವಾದಾಗ ಪ್ರಾರ್ಥನೆಯೂ, ಪ್ರಾರ್ಥನೆ ಒಣಗಿದಾಗ ಓದಿನ ಕರ್ತವ್ಯವೂ ಅವರನ್ನು ಕೈಹಿಡಿದು ನಡೆಸುತ್ತಿದ್ದವು.

1897ರಲ್ಲಿ ಆಗ್ನೆಲೊ ಪಿಲಾರಿನ ಸಂತ ಫ್ರಾನ್ಸಿಸ್ ಝೇವಿಯರರ ಮಿಷನರಿ ಸಂಘವನ್ನು ಸೇರಿದರು. 1898ರ ಸೆಪ್ಟೆಂಬರ್ 24ರಂದು ಗುರುದೀಕ್ಷೆ ಪಡೆದರು. ಶಿರೋಡಾ, ನಮ್ಮ ಉತ್ತರ ಕನ್ನಡದ ಕುಮಟಾ, ಸಾವರ್ಡೆಗಳಲ್ಲಿ ಬಡವರ ನಡುವೆ ಸೇವೆ ಮಾಡಿದರು. ಆಮೇಲೆ 1918ರಲ್ಲಿ ಅವರಿಗೆ ಬಂದ ಕರೆ ಎಲ್ಲಿಗೆ? ತಾವು ವಿದ್ಯಾರ್ಥಿಯಾಗಿದ್ದ ರಾಶೋಲಿಗೇ! ಗುರುಮಠದ ಹುಡುಗರಿಗೆ ಆಧ್ಯಾತ್ಮಿಕ ನಿರ್ದೇಶಕರಾಗಿ ಒಂಬತ್ತು ವರ್ಷ ಸೇವೆ ಸಲ್ಲಿಸಿ, 1927ರ ನವೆಂಬರ್ 20ರಂದು ಅಲ್ಲಿಯೇ ಕೊನೆಯುಸಿರೆಳೆದರು. 1986ರಲ್ಲಿ ಪವಿತ್ರ ಸಭೆಯು ಅವರನ್ನು 'ಪೂಜ್ಯ'ರೆಂದು ಘೋಷಿಸಿತು. ವಿದ್ಯಾರ್ಥಿಯಾಗಿ ಮೊಣಕಾಲೂರಿದ ಜಾಗದಲ್ಲಿಯೇ ಇತರ ವಿದ್ಯಾರ್ಥಿಗಳ ಭಾರವನ್ನು ಹೊತ್ತ ಜೀವನವದು.

"ಅವರು ಗುರುಮಠದವರು, ನಾವು ಕಾಲೇಜಿನವರು" ಎಂದು ನೀವು ಹೇಳಬಹುದು. ಹಾಗಾದರೆ ಪ್ಯಾರಿಸ್ಸಿನ ಕಾನೂನು ವಿದ್ಯಾರ್ಥಿ ಫ್ರೆಡರಿಕ್ ಒಜಾನಮನನ್ನು ನೋಡಿರಿ. ನಿಮ್ಮ ಧರ್ಮ ಈಗ ಏನು ಮಾಡುತ್ತಿದೆ ಎಂಬ ಅಣಕದ ಮಾತಿಗೆ ಅವನು ವಾದದಿಂದ ಉತ್ತರಿಸಿ ಸುಮ್ಮನಾಗಲಿಲ್ಲ. 1833ರ ಏಪ್ರಿಲ್ 23ರಂದು, ತನ್ನ ಇಪ್ಪತ್ತನೆಯ ಹುಟ್ಟುಹಬ್ಬದಂದೇ, ಕೆಲವು ಗೆಳೆಯರೊಡನೆ ಸೇರಿ ಬಡವರ ಮನೆಗಳಿಗೆ ಹೋಗುವ ಕಾರ್ಯವನ್ನಾರಂಭಿಸಿದನು. ಅದೇ ಸಂತ ವಿನ್ಸೆಂಟ್ ದೆ ಪೌಲ್ ಸಭೆಯಾಗಿ ಲೋಕವೆಲ್ಲ ಹಬ್ಬಿತು. ಧನ್ಯ ಒಜಾನಮರು ಎಂದೂ ಗುರುವಾಗಲಿಲ್ಲ. ಸಂಸಾರಿಯಾಗಿ, ಪ್ರಾಧ್ಯಾಪಕರಾಗಿ ಬಾಳಿದರು.

ಇಷ್ಟು ಹೇಳಿದ ಮೇಲೆ ನಮ್ಮದೊಂದು ತಪ್ಪನ್ನೂ ನಿವೇದಿಸಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಪೂಜಾಪೀಠದ ಸೇವೆ ಮಾಡುತ್ತಿದ್ದ ಒಬ್ಬ ಹುಡುಗ ಓದಿಗಾಗಿ ಪಟ್ಟಣಕ್ಕೆ ಹೊರಟನು. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆವು, ಜಪಸರವೊಂದನ್ನು ಕೊಟ್ಟೆವು, ಮರೆತೆವು. ಎರಡನೆಯ ವರ್ಷದ ಕ್ರಿಸ್ಮಸ್ ರಾತ್ರಿ ಅವನು ದೇವಾಲಯದ ಹೊರಗೇ ನಿಂತಿದ್ದನು. "ಯಾಕಪ್ಪಾ, ಇಷ್ಟು ದೂರವಾದೆ?" ಎಂದು ಕೇಳಿದೆವು. ತಲೆ ತಗ್ಗಿಸಿ, "ನಾ ದೂರ ಹೋಗಿಲ್ರಿ ಫಾದರ್. ನೀವ ಒಮ್ಮೇನೂ ಬಂದು ಕೇಳ್ಲಿಲ್ರಿ" ಎಂದನು. ಅಂದಿನ ಪೂಜೆಯಲ್ಲಿ, ಕಳೆದುಹೋದ ಕುರಿಯನ್ನು ಅರಸಿ ಹೋದ ಕುರುಬನ ನೆನಪು ನಮ್ಮನ್ನು ಚುಚ್ಚಿತು. ಅವನಿಗೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ.

ಆದುದರಿಂದ, ವಿದ್ಯಾರ್ಥಿಗಳೇ, ಪರೀಕ್ಷೆ ಮುಗಿಯಲಿ, ನೌಕರಿ ಸಿಗಲಿ, ಆಮೇಲೆ ದೇವರು ಎಂದು ಮುಂದೂಡಬೇಡಿರಿ. ಇಪ್ಪತ್ತರಲ್ಲಿ ಬೇರೂರದ ಭಕ್ತಿ ಐವತ್ತರಲ್ಲಿ ನೆರಳು ಕೊಡುವುದು ಅಪರೂಪ. ತಾಯಿತಂದೆಯರೇ, ಮಗುವಿಗೆ ಪ್ರತಿ ತಿಂಗಳು ಹಣ ಕಳುಹಿಸುವಾಗ ಅಂಕವನ್ನಷ್ಟೇ ಕೇಳಬೇಡಿರಿ. ಪೂಜೆಗೆ ಹೋದೆಯಾ, ಮನಸ್ಸು ಹೇಗಿದೆ ಎಂದೂ ಕೇಳಿರಿ. ಇನ್ನು ನಾವು, ಊರು ಬಿಟ್ಟ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನೂ ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆಯಾದರೂ ಅವರಿರುವಲ್ಲಿಗೆ ಹೋಗಿ ಕಾಣುವೆವೆಂದು ಈ ಪೂಜಾಪೀಠದ ಮುಂದೆ ಮಾತು ಕೊಡುತ್ತೇವೆ.

ನೂರು ವರ್ಷ ನಿಂತ ಗೋಡೆಗಳಿಗಾಗಿ ದೇವರಿಗೆ ಸ್ತೋತ್ರ. ಆ ಗೋಡೆಗಳೊಳಗೆ ಮುಂದಿನ ನೂರು ವರ್ಷ ಮೊಣಕಾಲೂರುವವರು ಇರಲೆಂದು ಪ್ರಾರ್ಥಿಸೋಣ. ಯೇಸುವಿನ ಪವಿತ್ರ ಹೃದಯವು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೆನ್.