ಲೆಕ್ಕಕ್ಕುಂಟು, ಆಟಕ್ಕಿಲ್ಲ: ಅಮೆರಿಕದ ಸಂವಿಧಾನದ ಐದು ಪದಗಳು

ಅಮೆರಿಕದಲ್ಲಿ ಚುನಾವಣೆ ಬಂತು ಅಂದ್ರೆ ನಮ್ಮ ಮೊಬೈಲ್‌ಗಳಲ್ಲೂ ಒಂದಷ್ಟು ಪದಗಳು ಓಡಾಡೋಕೆ ಶುರುವಾಗುತ್ತವೆ. ಫೆಡರಲ್, ಎಲೆಕ್ಟೋರಲ್ ಕಾಲೇಜ್, ಅಮೆಂಡ್‌ಮೆಂಟ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿರೋರು ಇವುಗಳ ಅರ್ಥವನ್ನ ಬಾಯಿಪಾಠ ಮಾಡಿಕೊಂಡಿರ್ತೀರಿ. ಆದರೆ ಒಂದೊಂದು ಪದದ ಹಿಂದೆಯೂ ಒಂದು ಜಗಳ ಇದೆ, ಒಂದು ರಾಜಿ ಇದೆ. ಅದು ಗೊತ್ತಾದ್ರೆ ಬಾಯಿಪಾಠದ ಅಗತ್ಯವೇ ಬೀಳಲ್ಲ. ಇವತ್ತು ಅಂಥ ಐದು ಪದ ನೋಡೋಣ.

ಮೊದಲನೇದು ಕಾನ್ಫೆಡರೇಶನ್. 1776ರಲ್ಲಿ 13 ಕಾಲೊನಿಗಳು ಬ್ರಿಟನ್‌ನಿಂದ ಸ್ವತಂತ್ರ ಅಂತ ಘೋಷಿಸಿಕೊಂಡವು. ಕಾಲೊನಿ ಅಂದ್ರೆ ಇಲ್ಲಿ ಬಡಾವಣೆ ಅಲ್ಲ, ವಸಾಹತು. ದೂರದ ರಾಜನ ಕಾಟ ಸಾಕು ಸಾಕಾಗಿದ್ದ ಜನಕ್ಕೆ ಇನ್ನೊಂದು ಬಲವಾದ ಕೇಂದ್ರ ಸರ್ಕಾರ ಅಂದ್ರೆ ಭಯ. ಹಾಗಾಗಿ 1781ರಲ್ಲಿ ಜಾರಿಗೆ ಬಂದ ಮೊದಲ ವ್ಯವಸ್ಥೆಯಲ್ಲಿ ರಾಜ್ಯಗಳದ್ದೇ ಕಾರುಬಾರು. ಕೇಂದ್ರದ ಕಾಂಗ್ರೆಸ್‌ಗೆ ತೆರಿಗೆ ಹಾಕೋ ಅಧಿಕಾರವೇ ಇರಲಿಲ್ಲ. ರಾಜ್ಯಗಳನ್ನ ಕೇಳಬೇಕು, ಅವು ಕೊಟ್ಟರೆ ಉಂಟು. ಈ ಸಡಿಲ ಕೂಟವೇ ಕಾನ್ಫೆಡರೇಶನ್.

ಇದರ ಬಲಹೀನತೆ ಬೇಗ ಗೊತ್ತಾಯ್ತು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ರೈತರು ಸಾಲ, ತೆರಿಗೆ ತಾಳಲಾರದೆ ದಂಗೆ ಎದ್ದರು. ಜಮೀನು ಕೈತಪ್ಪಬಾರದು ಅಂತ ಕೋರ್ಟ್ ಕಲಾಪವನ್ನೇ ತಡೆದರು. ಮುಂದಾಳು ಡೇನಿಯಲ್ ಶೇಸ್, ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದವನು. ದಂಗೆ ಅಡಗಿಸೋಣ ಅಂದ್ರೆ ಕೇಂದ್ರದ ಕೈಯಲ್ಲಿ ದುಡ್ಡೂ ಇಲ್ಲ, ಬಲವೂ ಇಲ್ಲ.

ಎರಡನೇ ಪದ ಹುಟ್ಟಿದ್ದು ಈ ಸಂಕಟದಲ್ಲೇ: ಫೆಡರಲ್. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ 55 ಪ್ರತಿನಿಧಿಗಳು ಸೇರಿದರು. ಹಳೇದನ್ನ ತಿದ್ದೋಕೆ ಬಂದವರು ಹೊಸ ಸಂವಿಧಾನವನ್ನೇ ಬರೆದರು. ಕೇಂದ್ರಕ್ಕೆ ತೆರಿಗೆ, ಸೈನ್ಯದಂಥ ನಿಜವಾದ ಅಧಿಕಾರ. ರಾಜ್ಯಗಳಿಗೂ ಅವುಗಳದ್ದೇ ಅಧಿಕಾರ. ಈ ಹಂಚಿಕೆಗೆ ಫೆಡರಲ್ ಅಂತಾರೆ.

ಈಗ ಮೂರನೇದು. ಇವತ್ತಿನ ಮುಖ್ಯ ಪದ ಇದೇ: ತ್ರೀ-ಫಿಫ್ತ್ಸ್. ಐದರಲ್ಲಿ ಮೂರು ಪಾಲು.

ಹೊಸ ಸಂಸತ್ತಿನ ಕೆಳಮನೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು ಜನಸಂಖ್ಯೆ ಮೇಲೆ ನಿರ್ಧಾರ ಆಗಬೇಕಿತ್ತು. ಹಾಗಾದ್ರೆ ಗುಲಾಮರನ್ನ ಜನ ಅಂತ ಎಣಿಸಬೇಕಾ? 1790ರ ಮೊದಲ ಜನಗಣತಿ ಪ್ರಕಾರ ಆ ದೇಶದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು, ಬಹುಪಾಲು ದಕ್ಷಿಣದಲ್ಲಿ. ಇಲ್ಲೇ ತುಂಬಾ ಜನ ಎಡವೋದು. ಎಲ್ಲರನ್ನೂ ಪೂರ್ತಿ ಎಣಿಸಿ ಅಂದಿದ್ದು ಗುಲಾಮರ ಮಾಲೀಕರಿದ್ದ ದಕ್ಷಿಣದವರು! ಗುಲಾಮರಿಗೆ ವೋಟು ಕೊಡೋ ಯೋಚನೆ ಅವರಿಗೆ ಇರಲೇ ಇಲ್ಲ. ತಲೆ ಎಣಿಕೆ ಜಾಸ್ತಿಯಾದ್ರೆ ಸೀಟು ಜಾಸ್ತಿ, ಆ ಸೀಟಲ್ಲಿ ಕೂರೋರು ತಾವೇ. ಉತ್ತರದವರು ಒಪ್ಪಲಿಲ್ಲ. ಕೊನೆಗೆ ಐದು ಗುಲಾಮರಿಗೆ ಮೂರು ಜನರ ಲೆಕ್ಕ ಅಂತ ರಾಜಿಯಾಯ್ತು.

ನಾವು ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತೀವಲ್ಲ, ಇಲ್ಲಿ ಅದು ಉಲ್ಟಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಆ ಮನುಷ್ಯನ ತಲೆ ಎಣಿಸಿ ಬಂದ ಅಧಿಕಾರ, ಅವನನ್ನ ಕೊಂಡು ಮಾರ್ತಿದ್ದವರ ಕೈಗೇ ಹೋಯ್ತು.

ಇನ್ನೊಂದು ವಿಷಯ ಗಮನಿಸಿ. ಆ ಮೂಲ ಸಂವಿಧಾನದಲ್ಲಿ ಎಲ್ಲಿ ಹುಡುಕಿದರೂ ಗುಲಾಮ ಅನ್ನೋ ಪದ ಸಿಗಲ್ಲ. ಈ ಲೆಕ್ಕದ ಸಾಲಿನಲ್ಲಿ ಇರೋದು 'ಇತರ ವ್ಯಕ್ತಿಗಳು' ಅಂತ ಮಾತ್ರ.

ನಾಲ್ಕನೇದು ಎಲೆಕ್ಟೋರಲ್ ಕಾಲೇಜ್. ಇದಕ್ಕೆ ಕ್ಯಾಂಪಸ್ಸೂ ಇಲ್ಲ, ಕ್ಲಾಸೂ ಇಲ್ಲ. ಅಧ್ಯಕ್ಷರನ್ನ ಅಧಿಕೃತವಾಗಿ ಆರಿಸೋ ಪ್ರತಿನಿಧಿಗಳ ಗುಂಪು ಅಷ್ಟೇ. ಒಂದು ರಾಜ್ಯಕ್ಕೆ ಕೆಳಮನೆಯಲ್ಲಿ ಎಷ್ಟು ಸೀಟೋ, ಅದಕ್ಕೆ ಎರಡು ಸೆನೆಟ್ ಸೀಟು ಸೇರಿಸಿದರೆ ಅಷ್ಟು ಎಲೆಕ್ಟರ್‌ಗಳು. ಅಂದ್ರೆ ಗುಲಾಮರ ಲೆಕ್ಕದಿಂದ ಬಂದ ಸೀಟುಗಳು ಅಧ್ಯಕ್ಷರ ಆಯ್ಕೆಯಲ್ಲೂ ದಕ್ಷಿಣಕ್ಕೆ ಬಲ ಕೊಟ್ಟವು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷರಾಗಿದ್ದವರು ವರ್ಜೀನಿಯಾದವರೇ: ವಾಷಿಂಗ್ಟನ್, ಜೆಫರ್ಸನ್, ಮ್ಯಾಡಿಸನ್, ಮನ್ರೋ. ನಾಲ್ವರೂ ಗುಲಾಮರನ್ನ ಇಟ್ಟುಕೊಂಡಿದ್ದವರು.

ಗುಲಾಮಗಿರಿ ಹೋಯ್ತು, ಆ ಲೆಕ್ಕವೂ ಹೋಯ್ತು. ಎಲೆಕ್ಟೋರಲ್ ಕಾಲೇಜ್ ಮಾತ್ರ ಹಾಗೇ ಉಳಿದಿದೆ. ಈಗ ಒಟ್ಟು 538 ಎಲೆಕ್ಟರ್‌ಗಳು, ಗೆಲ್ಲೋಕೆ 270 ಬೇಕು. 2016ರಲ್ಲಿ ದೇಶದಾದ್ಯಂತ ಹೆಚ್ಚು ಮತ ಬಿದ್ದಿದ್ದು ಹಿಲರಿ ಕ್ಲಿಂಟನ್‌ಗೆ, ಅಧ್ಯಕ್ಷರಾಗಿದ್ದು ಡೊನಾಲ್ಡ್ ಟ್ರಂಪ್.

ಕೊನೇದು ಅಮೆಂಡ್‌ಮೆಂಟ್, ತಿದ್ದುಪಡಿ. ಪ್ರಜೆಗಳ ಹಕ್ಕಿಗೆ ರಕ್ಷಣೆ ಎಲ್ಲಿ ಅಂತ ಹೊಸ ಸಂವಿಧಾನಕ್ಕೆ ಆಗಲೇ ಜೋರು ವಿರೋಧ ಬಂದಿತ್ತು. ಅದರ ಫಲವಾಗಿ 1791ರಲ್ಲಿ ಮೊದಲ ಹತ್ತು ತಿದ್ದುಪಡಿಗಳು ಜಾರಿಯಾದವು. ಅವೇ ಬಿಲ್ ಆಫ್ ರೈಟ್ಸ್. ವಾಕ್ ಸ್ವಾತಂತ್ರ್ಯ ಇರೋದು ಮೊದಲನೇ ತಿದ್ದುಪಡಿಯಲ್ಲಿ. ಇನ್ನು ಆ ಬಚ್ಚಿಟ್ಟ ಪದ? ಅಂತರ್ಯುದ್ಧ ಮುಗಿದ ಮೇಲೆ, 1865ರ 13ನೇ ತಿದ್ದುಪಡಿಯಲ್ಲಿ ಗುಲಾಮಗಿರಿ ಅನ್ನೋ ಪದ ಮೊದಲ ಸಲ ಸಂವಿಧಾನದೊಳಗೆ ಬಂತು. ಬಂದಿದ್ದು ಅದನ್ನ ರದ್ದು ಮಾಡೋಕೆ.

ಆ ಸಂವಿಧಾನ ಶುರುವಾಗೋದು 'ನಾವು, ಜನರು' ಅಂತ. ನಮ್ಮ ಸಂವಿಧಾನದ ಪೀಠಿಕೆಯಲ್ಲೂ 'ಭಾರತದ ಜನತೆಯಾದ ನಾವು' ಅಂತ ಇದೆ. ಇಂಥ ಸಾಲು ಎಲ್ಲೇ ಓದಿದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಬರೆದ ದಿನ ಈ 'ನಾವು' ಒಳಗೆ ಯಾರ್‍ಯಾರು ಇದ್ರು, ಹೊರಗೆ ಉಳಿದವರು ಯಾರು?

ಐದರಲ್ಲಿ ಯಾವ ಪದ ನಿಮಗೆ ಹೊಸದು ಅನ್ನಿಸ್ತು ಅಂತ ತಿಳಿಸಿ. ಪರೀಕ್ಷೆಗೆ ಓದ್ತಿರೋ ಗೆಳೆಯರಿದ್ರೆ ಅವರಿಗೂ ಈ ಸಂಚಿಕೆ ಕಳಿಸಿ.